ಸದ್ದು ಮಾರಿಕೊಂಡವರು ಯಾರು?

ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ, ಅರಕಲಗೂಡು, ಈ ಸೀಮೆಯ ಹಾಸ್ಟೆಲುಗಳಲ್ಲಿ, ಟೀ ಅಂಗಡಿಗಳಲ್ಲಿ ಹಾಡಿನ ಹುಚ್ಚಿರುವ ಹುಡುಗರು ಒಂದು ಜಗಳ ಆಡುತ್ತಲೇ ಇರುತ್ತಾರೆ. 'ರಘು ದೀಕ್ಷಿತ್ ಮೊದಲು ಚೆನ್ನಾಗಿದ್ದ ಕಣಯ್ಯ. ಸಿನಿಮಾಕ್ಕೆ ಹೋದ, ಕಮರ್ಷಿಯಲ್ ಆಗೋದ' ಅಂತ ಒಬ್ಬ. 'ಶರೀಫಜ್ಜನ್ನ ಹಾಡೋದಂದ್ರೆ ಅಶ್ವಥ್ ಒಬ್ಬರೇ. ಇದೆಲ್ಲ ಬರೀ ಗಿಟಾರು, ಡ್ರಮ್ಮು, ಗದ್ದಲ' ಅಂತ ಇನ್ನೊಬ್ಬ. ಪಕ್ಕದಲ್ಲಿ ಕೂತ ವಯಸ್ಸಾದ ಮೇಷ್ಟ್ರು ಬಾಯಿ ಹಾಕ್ತಾರೆ: 'ಅಶ್ವಥ್ ಏನು ಊರೂರು ತಿರುಗಿ ಭಜನೆ ಮಾಡಿದರೇನ್ರಪ್ಪ? ಅವರೂ ಕ್ಯಾಸೆಟ್ಟಿಗೇ ಹಾಡಿದ್ದು.' ಅಲ್ಲಿಗೆ ಜಗಳ ಮುಗಿಯುವುದಿಲ್ಲ, ಇನ್ನೊಂದು ಟೀ ಬರುತ್ತದೆ ಅಷ್ಟೆ.

ಈ ಜಗಳವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದು ಹಾಡು ತನ್ನದು ಅನ್ನಿಸಿದವನಿಗೆ ಮಾತ್ರ ಅದು ಕೈತಪ್ಪಿ ಹೋಯಿತು ಎಂಬ ಸಂಕಟ ಹುಟ್ಟುತ್ತದೆ. ಆದರೆ ಈ ಹುಡುಗರ ಕೈಯಲ್ಲಿರುವ ಅಳತೆಗೋಲು ಸರಿಯಿಲ್ಲ ಎಂಬುದು ನಮ್ಮ ತಕರಾರು. ಗಿಟಾರು ಬಂತೇ, ಸಿನಿಮಾ ಸೇರಿತೇ, ದುಡ್ಡು ತಗೊಂಡರೇ ಎಂದು ಅಳೆಯುವ ಈ ಕೋಲು ಯಾರ ಮನೆಯಿಂದ ಬಂದದ್ದು? ಇದನ್ನು ಹಿಡಿದು ನಮ್ಮ ಕೇರಿಯ ತಮಟೆಯನ್ನು ಅಳೆಯಲು ಬರುತ್ತದೆಯೇ? ಈ ಪ್ರಶ್ನೆಗಳನ್ನು ಕೇಳದೆ ನಡೆಯುವ ಚರ್ಚೆ ಬರೀ ರುಚಿಯ ಚರ್ಚೆಯಾಗುತ್ತದೆ. ರುಚಿಯ ಚರ್ಚೆ ಹೊಟ್ಟೆ ತುಂಬಿದವರಿಗೆ ಸಲ್ಲುವಂಥದ್ದು.

1

ಮೊದಲು ನಮ್ಮ ಊರಿನವರಿಂದಲೇ ಶುರುಮಾಡೋಣ. ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಚನ್ನರಾಯಪಟ್ಟಣದಲ್ಲಿ. ತೀರಿಕೊಂಡದ್ದು 2009ರಲ್ಲಿ, ಅದೇ ಡಿಸೆಂಬರ್ 29ರಂದು, ಬೆಂಗಳೂರಿನಲ್ಲಿ. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ನಾಟಕಗಳಿಗೆ ಹಾಡು ಕಟ್ಟಿದವರು. ಆಮೇಲೆ ಸಿನಿಮಾಕ್ಕೆ ಹೋದರು, ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರ ಕವಿತೆಗಳಿಗೆ ದನಿ ಕೊಟ್ಟರು. ಶಿಶುನಾಳ ಶರೀಫರ ತತ್ವಪದಗಳನ್ನು ಧಾರವಾಡ ಸೀಮೆಯಿಂದ ಈಚೆಗೆ ತಂದು ಮೈಸೂರು ಸೀಮೆಯ ಮನೆಮನೆಯಲ್ಲೂ ಕೇಳುವಂತೆ ಮಾಡಿದವರಲ್ಲಿ ಇವರದು ದೊಡ್ಡ ಹೆಸರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು 'ಸಂತ ಶಿಶುನಾಳ ಶರೀಫ' ಸಿನಿಮಾ ಮಾಡಿದಾಗ ಅದರ ಸಂಗೀತ ಅಶ್ವಥ್ ಅವರದು. ಇವತ್ತು ಶರೀಫರೆಂದರೆ ನಮ್ಮ ಕಿವಿಯಲ್ಲಿ ಏಳುವುದು ಅಶ್ವಥ್ ಅವರ ಆ ಎತ್ತರದ ದನಿ.

ಇಲ್ಲೇ ನಿಂತು ಯೋಚನೆ ಮಾಡಬೇಕು. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಅಂದರೆ ಶರೀಫರು ಹೇಗೆ ಹಾಡಿದರು ಎಂಬುದಕ್ಕೆ ಯಾವ ತಟ್ಟೆಯ ಸಾಕ್ಷಿಯೂ ಇಲ್ಲ. ಅವರ ಪದಗಳು ಉಳಿದದ್ದು ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡಿದ ಭಜನೆಯ ಜನರ ನಾಲಗೆಯ ಮೇಲೆ. ಅವರಲ್ಲಿ ಒಕ್ಕಲು ಮಕ್ಕಳಿದ್ದರು, ಕೂಲಿಯವರಿದ್ದರು, ಅಕ್ಷರ ಬಾರದವರಿದ್ದರು. ಊರಿಂದೂರಿಗೆ ಧಾಟಿ ಬೇರೆಯಾಗುತ್ತಿತ್ತು, ಪದವೂ ಒಂದಿಷ್ಟು ಆಚೀಚೆಯಾಗುತ್ತಿತ್ತು. ಹಾಗಿದ್ದ ಮೇಲೆ 'ಮೂಲ ಶರೀಫ' ಎಂದು ನಾವು ಹಿಡಿದುಕೊಂಡು ಕೂತಿರುವುದು ಮೂಲವಲ್ಲ. ಅದು ಕ್ಯಾಸೆಟ್ಟಿನ ಕಾಲದಲ್ಲಿ ನಾವು ಮೊದಲು ಕೇಳಿದ್ದು.

ಆ ಕ್ಯಾಸೆಟ್ಟಿನ ಕಾಲವೂ ಅಂಗಡಿಯ ಕಾಲವೇ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕನ್ನಡದ ಮೊದಲ ಸುಗಮ ಸಂಗೀತದ ಕ್ಯಾಸೆಟ್ಟಾಗಿ ಬಂದಾಗ ಕವಿತೆಯೊಂದು ಬೆಲೆಚೀಟಿ ಹಚ್ಚಿಕೊಂಡು ಅಂಗಡಿಯ ಗಾಜಿನ ಕಪಾಟು ಸೇರಿತು. ಆಕಾಶವಾಣಿ ಇಂಥ ಹಾಡಿಗೆ ಇಟ್ಟ ಹೆಸರೇ 'ಲಘು ಸಂಗೀತ'. ಶಾಸ್ತ್ರೀಯದವರ ಕಣ್ಣಿಗೆ ಇದು ಅಗ್ಗದ ಮಾಲು. ಇವತ್ತು ಗಿಟಾರಿನ ಮೇಲೆ ಬರುವ ದೂರನ್ನೇ ಅವತ್ತು ಹಾರ್ಮೋನಿಯಂ, ಕೀಬೋರ್ಡು ಹಿಡಿದ ಭಾವಗೀತೆಯ ಮೇಲೆ ಹೇರಿದ್ದರು. ನಿನ್ನೆಯ 'ಮಾರಾಟ' ಇವತ್ತಿನ 'ಪರಂಪರೆ'ಯಾಗಿದೆ. ಇದನ್ನು ಒಪ್ಪಿಕೊಂಡರೆ ನಮ್ಮ ಹುಡುಗರ ಜಗಳದ ಅರ್ಧ ಕಾವು ಇಳಿಯುತ್ತದೆ.

ಅಶ್ವಥ್ ಮಾಡಿದ ದೊಡ್ಡ ಕೆಲಸ ಯಾವುದು? ಮಾತು ಕೇಳಿಸುವಂತೆ ಹಾಡಿದ್ದು. ರಾಗಕ್ಕಾಗಿ ಅಕ್ಷರವನ್ನು ನುಂಗಲಿಲ್ಲ. ಓದು ಬಾರದವರ ಕಿವಿಗೂ ಕವಿತೆ ಬಿತ್ತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದಾಗ ಜನಸಾಗರ ಸೇರಿತು. ಕವಿತೆ ಕೇಳುವುದಕ್ಕೆ ಅಷ್ಟು ಜನ ಸೇರಿದ್ದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ ಆದ ನಷ್ಟವನ್ನೂ ಹೇಳಬೇಕು. ತತ್ವಪದ ಗುಂಪಿನ ಹಾಡು. ಒಬ್ಬ ಎತ್ತಿಕೊಟ್ಟರೆ ಹತ್ತು ಜನ ಹಿಡಿಯುತ್ತಾರೆ, ನಡುವೆ ನಿಲ್ಲಿಸಿ 'ಇದರ ಅರ್ಥ ಏನಪ್ಪ?' ಎಂದು ಕೇಳುತ್ತಾರೆ, ರಾತ್ರಿಯೆಲ್ಲ ವಾದ ಮಾಡುತ್ತಾರೆ. ಅಲ್ಲಿ ಕೇಳುಗನೂ ಹಾಡುಗಾರನೇ. ವೇದಿಕೆ ಏರಿದ ತತ್ವಪದದಲ್ಲಿ ಹಾಡುವವನು ಒಬ್ಬ, ಮಿಕ್ಕವರೆಲ್ಲ ಚಪ್ಪಾಳೆಯವರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಅಚ್ಚಾಗುತ್ತದೆ. ನೂರು ವರ್ಷ ಆ ಪದವನ್ನು ಬಾಯಲ್ಲಿ ಕಾಪಾಡಿದ ಭಜನೆಯವರಿಗೆ ಅಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

2

ಇನ್ನು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಆಮೇಲೆ ಗಿಟಾರು ಹಿಡಿದವರು. ಬಣ್ಣದ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಾಕ್ ತಂಡದ ಮುಂದೆ ನಿಂತವರು. 2008ರಲ್ಲಿ ಅವರ ತಂಡದ ಮೊದಲ ಆಲ್ಬಮ್ ಬಂತು. ಅದರಲ್ಲಿ ಶರೀಫರ ಸೋರುವ ಮನೆಯ ಪದವೂ ಇತ್ತು, ಗುಡುಗುಡಿಯ ಪದವೂ ಇತ್ತು. ಅದೇ ವರ್ಷ 'ಸೈಕೋ', 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ' ಸಿನಿಮಾಗಳಿಗೆ ಸಂಗೀತ ಕೊಟ್ಟರು. 2010ರಲ್ಲೇ ಇಂಗ್ಲೆಂಡಿನ ಜೂಲ್ಸ್ ಹಾಲೆಂಡ್ ಟೀವಿ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಅಲ್ಲಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆದರು. ಅಭಿಮಾನಿಗಳ ಕೊರಗು ಈ ದಾರಿಯ ಬಗ್ಗೆಯೇ: ಗುಂಪು ಚಿಕ್ಕದಿದ್ದಾಗ ಅವನು ನಮ್ಮವನು, ಗುಂಪು ದೊಡ್ಡದಾದಾಗ ಮಾರಿಕೊಂಡವನು.

ಈ ಕೊರಗಿನಲ್ಲಿ ಒಂದು ಸಣ್ಣತನವಿದೆ, ಅದನ್ನು ನೇರವಾಗಿ ಹೇಳಿಬಿಡೋಣ. ನಾಲ್ಕು ಜನಕ್ಕೆ ಮಾತ್ರ ಗೊತ್ತಿದ್ದ ಹಾಡು ನಲವತ್ತು ಸಾವಿರ ಜನಕ್ಕೆ ಗೊತ್ತಾಯಿತು ಎಂದು ಬೇಸರಪಡುವುದು ಒಂದು ರೀತಿಯ ಮಡಿ. 'ನಾವು ಮೊದಲು ಮುಟ್ಟಿದ್ದು, ಈಗ ಎಲ್ಲರೂ ಮುಟ್ಟಿಬಿಟ್ಟರು' ಎಂಬ ದನಿ ನಮಗೆ ಬಹಳ ಪರಿಚಿತ. ಬಾವಿಕಟ್ಟೆಯಲ್ಲಿ, ಗುಡಿಯ ಬಾಗಿಲಲ್ಲಿ ಇದನ್ನೇ ನಾವು ಕೇಳಿಕೊಂಡು ಬಂದಿರುವುದು. ಹಾಡು ಹರಡಿತು ಎಂಬುದು ಅಪರಾಧವಲ್ಲ.

ರಘು ದೀಕ್ಷಿತರ ಸದ್ದಿನ ಬಗ್ಗೆ ನಮ್ಮ ಮಾತು ಬೇರೆ. ಅವರು ಶರೀಫರ ಪದಗಳನ್ನು ಕನ್ನಡದಲ್ಲೇ ಹಾಡಿದರು. ಅಶ್ವಥ್ ಅವರ ವೇದಿಕೆಯಲ್ಲಿ ಕಳೆದುಹೋದ ಒಂದನ್ನು, ಕೇಳುವ ಗುಂಪು ತಾನೂ ದನಿ ಸೇರಿಸುವುದನ್ನು, ರಾಕ್ ಮೈದಾನದಲ್ಲಿ ಮತ್ತೆ ಎಬ್ಬಿಸಿದರು. ಇದು ಅವರ ಲೆಕ್ಕಕ್ಕೆ ಜಮಾ. ಖರ್ಚಿನ ಕಡೆ ನೋಡಿ. ಶರೀಫರ ಸೋರುವ ಮನೆ ದೇಹದ ಮನೆ, ಮನಸ್ಸಿನ ಮನೆ. ಅಜ್ಞಾನದ ಕತ್ತಲಲ್ಲಿ ಕೂತವನು ತನ್ನ ಮೇಲೆ ತಾನೇ ಮರುಗುವ ಪದ ಅದು. ನಮ್ಮ ಕೇರಿಯಲ್ಲಿ ಅದನ್ನು ಕೇಳುವವನಿಗೆ ಇನ್ನೊಂದು ಅರ್ಥವೂ ತಾನಾಗಿಯೇ ಸೇರುತ್ತದೆ: ಆಷಾಢದ ರಾತ್ರಿ, ಹರಿದ ಸೂರು, ಮಕ್ಕಳನ್ನು ಮೂಲೆಯಿಂದ ಮೂಲೆಗೆ ಸರಿಸುತ್ತ ಪಾತ್ರೆ ಇಡುವ ತಾಯಿ. ಈ ಎರಡು ಅರ್ಥವೂ ಇಲ್ಲದೆ, ಬರೀ ತಾಳಕ್ಕೆ ಕೈ ಮೇಲೆತ್ತಿ ಕುಣಿಯುವ ಗುಂಪಿನ ನಡುವೆ ಆ ಪದ ಎಷ್ಟು ಹೊತ್ತು ಬದುಕೀತು? ಕನ್ನಡ ತಿಳಿಯದ ಲಂಡನ್ನಿನ ಸಭೆಗೆ ಅದು ಚಂದದ ಪರದೇಶದ ಸದ್ದು. ಅವರನ್ನು ದೂರಿ ಪ್ರಯೋಜನವಿಲ್ಲ. ಕನ್ನಡ ತಿಳಿದ ಬೆಂಗಳೂರಿನ ಸಭೆಗೂ ಅದು ಅಷ್ಟೇ ಆದರೆ ಮಾತಿನ ಮೊನೆ ಮುರಿಯಿತು ಎಂದೇ ಅರ್ಥ. ಗಿಟಾರು ಅದನ್ನು ಮುರಿಯಲಿಲ್ಲ. ಅರ್ಥ ಕೇಳುವ ಅಭ್ಯಾಸ ತಪ್ಪಿದ್ದರಿಂದ ಅದು ಮುರಿಯಿತು.

3

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ 1965ರಲ್ಲಿ ನ್ಯೂಪೋರ್ಟ್ ಜಾನಪದ ಮೇಳಕ್ಕೆ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭೆಯಲ್ಲಿ ಕೂಗಾಟವಾಯಿತು. ಜನಪದ ದ್ರೋಹ ಎಂದರು. ರಾಕ್ ಅಭಿಮಾನಿಗಳು ಇವತ್ತಿಗೂ ಆ ಕಥೆ ಹೇಳುತ್ತಾರೆ. ಆದರೆ ಅದೇ ರಾಕ್ ಸಂಗೀತದ ಬೇರಿನಲ್ಲಿ ಕರಿಯರ ಬ್ಲೂಸ್ ಇದೆ. ಹತ್ತಿ ಹೊಲದ ಕೂಲಿಗಳ ಮಕ್ಕಳು ಕಟ್ಟಿದ ಹಾಡು ಅದು. ಇಂಗ್ಲೆಂಡಿನ ಲೆಡ್ ಜೆಪೆಲಿನ್ ತಂಡದ ಬಹು ಪ್ರಸಿದ್ಧ ಹಾಡೊಂದರಲ್ಲಿ ತನ್ನ ಹಾಡಿನ ಪಾಲಿದೆ ಎಂದು ಕರಿಯ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ರಾಜಿಯಾಯಿತು. ಗಿಟಾರಿಗೆ ತಂತಿ ಎಳೆಯಬೇಕೋ, ಕರೆಂಟು ಕೊಡಬೇಕೋ ಎಂದು ಬಿಳಿಯ ಅಭಿಮಾನಿಗಳು ಜಗಳವಾಡುತ್ತಿದ್ದಾಗ ಹಾಡಿನ ಒಡೆಯ ತನ್ನ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅಭಿಮಾನಿಗಳ ಪ್ರಶ್ನೆಗೂ ಆಳಿನ ಪ್ರಶ್ನೆಗೂ ಇರುವ ದೂರ ಇಷ್ಟು.

ನಮ್ಮ ತಮಟೆಯ ಕಡೆ ಬನ್ನಿ. ಚರ್ಮವನ್ನು ಹದಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ, ದನಿ ಏರಿಸಿ ಬಡಿಯುವ ವಾದ್ಯ. ಊರ ಹಬ್ಬಕ್ಕೆ ಅದು ಬೇಕು, ಜಾತ್ರೆಗೆ ಬೇಕು, ಹೆಣದ ಮುಂದೆ ಬೇಕು. ಬಡಿಯುವವನು ಮಾತ್ರ ಗುಡಿಯ ಹೊರಗೆ ನಿಲ್ಲಬೇಕು. ಅವನಿಗೆ ಸಿಗುತ್ತಿದ್ದದ್ದು ಮಿಕ್ಕ ಅನ್ನ, ಒಂದಿಷ್ಟು ಕಾಳು, ಒಂದು ಬಾಟಲಿ ಹೆಂಡ. ಅದು ಕೂಲಿಯಲ್ಲ, ಬಿಟ್ಟಿ ಚಾಕರಿ. 'ಬಡಿಯೋದಿಲ್ಲ' ಅಂದರೆ ಕೇರಿಗೆ ಬಹಿಷ್ಕಾರ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದು ನಿಂತಾಗ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, ಈ ತಮಟೆ ಎರಡು ದಾರಿಯಲ್ಲಿ ನಡೆಯಿತು. ಕೆಲವು ಕೇರಿಗಳು ಹೆಣದ ಮುಂದೆ ಬಡಿಯುವುದನ್ನು ನಿಲ್ಲಿಸಿದವು. ಇನ್ನು ಕೆಲವು ಕಡೆ ಅದೇ ತಮಟೆ ಮೆರವಣಿಗೆಯ ಮುಂದೆ ಬಂತು, ಹೋರಾಟದ ಹಾಡಿಗೆ ತಾಳವಾಯಿತು. ಎರಡೂ ಪ್ರತಿಭಟನೆಯೇ.

ಈಗ ಹೇಳಿ. ನೂರಾರು ವರ್ಷ ಬಿಟ್ಟಿ ಬಡಿದವನ ಮಗ 'ಇನ್ನು ದುಡ್ಡು ಕೊಟ್ಟರೆ ಮಾತ್ರ ಬಡೀತೀನಿ, ಎಷ್ಟು ಅಂತ ಮೊದಲೇ ಹೇಳಿ' ಅಂದರೆ ಅವನು ಕಮರ್ಷಿಯಲ್ ಆದನೇ? ಅವನು ಮನುಷ್ಯನಾದ ಎಂದು ನಾವು ಹೇಳುತ್ತೇವೆ. ಕಲೆಗೆ ದುಡ್ಡಿನ ಸೋಂಕು ತಗಲಬಾರದು ಎಂಬ ಮಾತು ಯಾರ ಬಾಯಿಂದ ಬರುತ್ತದೆ ನೋಡಿ. ಸಂಬಳ ಬೇರೆ ಕಡೆಯಿಂದ ಬರುವವನಿಗೆ, ಜಮೀನು ಇದ್ದವನಿಗೆ, ಕಲೆ ಸಂಜೆಯ ಆನಂದವಾಗಿರುವವನಿಗೆ ಆ ಮಾತು ಸುಲಭ. ಜಾತಿಯ ಕಾರಣಕ್ಕೆ ಕಲೆ ಹೆಗಲೇರಿದವನಿಗೆ ದುಡ್ಡು ಕೇಳುವುದೇ ಮೊದಲ ಬಂಡಾಯ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ನಮಗೆ ಸಂತೋಷವಾಯಿತು. ಆದರೆ ಒಬ್ಬರ ಎದೆಗೆ ಪದಕ ಬಂದರೆ ಸಾವಿರ ಕೈಗಳಿಗೆ ಕೂಲಿ ಬಂದಂತೆ ಆಗುವುದಿಲ್ಲ. ತಮಟೆಯ ಏಟು ಈಗ ಕೀಬೋರ್ಡಿನ ಒಂದು ಗುಂಡಿಯೊಳಗೆ ಕೂತಿದೆ. ಗುಂಡಿ ಒತ್ತಿದರೆ ಸಾಕು, ಕೇರಿಯ ಸದ್ದು ಬರುತ್ತದೆ. ಕೇರಿಯವನು ಬರಬೇಕಾಗಿಲ್ಲ.

4

ಹಾಗಾದರೆ ಮಾರುಕಟ್ಟೆ ಹಾಡನ್ನು ಕೆಡಿಸುವುದೇ ಇಲ್ಲವೇ ಎಂದು ಗೆಳೆಯರು ಕೇಳಬಹುದು. ಕೆಡಿಸುತ್ತದೆ. ಎಲ್ಲಿ ಕೆಡಿಸುತ್ತದೆ ಎಂದು ಸರಿಯಾಗಿ ಗುರುತಿಸಬೇಕು, ಅಷ್ಟೆ. ಅದಕ್ಕೆ ನಾವು ಮೂರು ಪ್ರಶ್ನೆ ಇಡುತ್ತೇವೆ: ಕೂಲಿ ಯಾರಿಗೆ ಹೋಯಿತು? ಹೆಸರು ಯಾರದು ಬಂತು? ಮಾತಿನ ಮೊನೆ ಉಳಿಯಿತೇ?

ಕೊನೆಯ ಪ್ರಶ್ನೆಗೆ ಒಂದು ಉದಾಹರಣೆ. 'ಕೋಲುಮಂಡೆ' ಮಲೆ ಮಹದೇಶ್ವರನ ಪರಂಪರೆಯ ಹಾಡು. ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿಕೊಂಡು ಬಂದದ್ದು. 1996ರಲ್ಲಿ 'ಜನುಮದ ಜೋಡಿ' ಸಿನಿಮಾಕ್ಕೆ ಬಂತು, ನಾಡೆಲ್ಲ ಕೇಳಿತು. 2020ರ ಆಗಸ್ಟಿನಲ್ಲಿ ನಮ್ಮ ಹಾಸನ ಜಿಲ್ಲೆಯವರೇ ಆದ ಚಂದನ್ ಶೆಟ್ಟಿ ಅದನ್ನು ಹೊಸ ತಾಳಕ್ಕೆ ಕೂರಿಸಿ ದೃಶ್ಯ ಮಾಡಿಸಿದರು. ಸಂಕಮ್ಮನನ್ನು ತೋರಿಸಿದ ರೀತಿ ಅಶ್ಲೀಲವಾಗಿದೆ ಎಂದು ಮಹದೇಶ್ವರನ ಭಕ್ತರು ಸಿಟ್ಟಾದರು. ಹಾಡುಗಾರ ಕ್ಷಮೆ ಕೇಳಿದರು, ದೃಶ್ಯವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಗಲಾಟೆಯೆಲ್ಲ ದೇವರ ಮಾನದ ಸುತ್ತ ನಡೆಯಿತು. ನಮ್ಮ ದೂರು ಅದಲ್ಲ. ಸಂಕಮ್ಮ ಯಾರು? ಸೋಲಿಗರ ನೀಲೇಗೌಡನ ಹೆಂಡತಿ. ಗಂಡ ಕಾಡಿಗೆ ಹೊರಟಾಗ 'ನಾನು ಬರುವ ತನಕ ಶೀಲವಾಗಿರುತ್ತೇನೆ ಎಂದು ಭಾಷೆ ಕೊಡು' ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಅವಳ ಮೇಲೆ ಅವನು ನಡೆಸುವ ಹಿಂಸೆ, ಕಾಡಿನ ಗುಡಿಸಲಲ್ಲಿ ಅವಳನ್ನು ಕೂಡಿಹಾಕುವುದು, ಅವಳ ಒಂಟಿತನ, ಇದೆಲ್ಲ ಆ ಕಾವ್ಯದ ಕರುಳು. ಗಂಡನ ಅನುಮಾನಕ್ಕೆ ಬಗ್ಗದ ಕಾಡಿನ ಹೆಣ್ಣನ್ನು ಕಣ್ಣಿಗೆ ತಂಪಾದ ಬೊಂಬೆ ಮಾಡಿದ್ದೇ ಇಲ್ಲಿ ನಡೆದ ಮಾರಾಟ. ಸದ್ದು ರ್‍ಯಾಪ್ ಆದದ್ದು ತಪ್ಪಲ್ಲ. ಅದೇ ರ್‍ಯಾಪ್‌ನಲ್ಲಿ ಸಂಕಮ್ಮ ತಾನೇ ಎದ್ದು ನಿಂತು ಮಾತಾಡಿದ್ದರೆ ನಾವು ತಮಟೆ ಹಿಡಿದು ಜೊತೆಗೆ ಹೋಗುತ್ತಿದ್ದೆವು.

ಕೂಲಿ ಮತ್ತು ಹೆಸರಿನ ಪ್ರಶ್ನೆಗೆ ಪಕ್ಕದ ತಮಿಳುನಾಡನ್ನು ನೋಡಿ. ನಿರ್ದೇಶಕ ಪ. ರಂಜಿತ್ ಬೆಂಬಲದಿಂದ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ 2018ರ ಜನವರಿಯಲ್ಲಿ ಚೆನ್ನೈನಲ್ಲಿ ವೇದಿಕೆ ಏರಿತು. ಗಾನಾ, ಪರೈ, ರಾಕ್, ರ್‍ಯಾಪ್ ಎಲ್ಲ ಕೂಡಿಸಿ ಜಾತಿಯ ವಿರುದ್ಧ ಹಾಡಿತು. ಆ ಸದ್ದಿನ ಮೇಲೆ ಯಾರೂ ಮಡಿಯ ಗೆರೆ ಎಳೆಯಲು ಆಗಲಿಲ್ಲ. ಅದೇ ತಂಡದ ಅರಿವು 2021ರಲ್ಲಿ, ಸಿಂಹಳದ ಟೀ ತೋಟಗಳಲ್ಲಿ ದುಡಿದ ತನ್ನ ಅಜ್ಜಿಯ ನೆನಪಿನಿಂದ 'ಎಂಜಾಯ್ ಎಂಜಾಮಿ' ಬರೆದು ಹಾಡಿದ. ಕೋಟಿಗಟ್ಟಲೆ ಜನ ಕೇಳಿದರು. ಆ ವರ್ಷದ ಆಗಸ್ಟಿನಲ್ಲಿ ಭಾರತದ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟದಲ್ಲಿ ಜೊತೆಗೆ ಹಾಡಿದವರ ಚಿತ್ರ ಬಂತು, ಬರೆದ ಅರಿವಿನ ಚಿತ್ರ ಬರಲಿಲ್ಲ. ರಂಜಿತ್ ಅದನ್ನು ಬಹಿರಂಗವಾಗಿ ಕೇಳಿದರು. 2024ರಲ್ಲಿ ಆ ಹಾಡಿನ ಸಂಗೀತಗಾರ ಸಂತೋಷ್ ನಾರಾಯಣನ್ ತಮಗೆ ಅದರಿಂದ ಒಂದು ಪೈಸೆಯೂ ಬಂದಿಲ್ಲ ಎಂದರು. ಇಲ್ಲಿ ಸದ್ದು ಕೆಟ್ಟಿಲ್ಲ, ಮಾತಿನ ಮೊನೆಯೂ ಮುರಿದಿಲ್ಲ. ಹಾಗಿದ್ದೂ ಹೆಸರು ಜಾರಿತು, ಕೂಲಿ ಕಾಣೆಯಾಯಿತು. 'ಸೌಂಡ್ ಕಮರ್ಷಿಯಲ್ ಆಯ್ತಾ?' ಎಂದು ಮಾತ್ರ ಕೇಳುವ ಅಭಿಮಾನಿಗೆ ಈ ಕಳವು ಕಾಣಿಸುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವನ ಹಕ್ಕು ಅವನು ಬದುಕಿರುವ ತನಕ ಮತ್ತು ಸತ್ತ ಮೇಲೆ 60 ವರ್ಷ. ಶರೀಫರ ಪದ ಆ ಲೆಕ್ಕದಲ್ಲಿ ಎಲ್ಲರದು, ಅದು ಸರಿಯೇ. 2012ರ ತಿದ್ದುಪಡಿ ಹಾಡು ಬರೆದವನಿಗೂ ಸಂಗೀತ ಕಟ್ಟಿದವನಿಗೂ ಗೌರವಧನದ ಪಾಲನ್ನು ಯಾರೂ ಬರೆಸಿಕೊಳ್ಳಲಾಗದಂತೆ ಮಾಡಿತು. ಒಳ್ಳೆಯದೇ. ಆದರೆ ಈ ಕಾಯ್ದೆಗೆ ವ್ಯಕ್ತಿ ಕಾಣುತ್ತಾನೆ, ಕಂಪನಿ ಕಾಣುತ್ತದೆ, ಕೇರಿ ಕಾಣುವುದಿಲ್ಲ. ದೇವರಗುಡ್ಡರ ಹಾಡನ್ನು ಎತ್ತಿಕೊಂಡವನು ತನ್ನ ಹೊಸ ಧಾಟಿಗೆ, ತನ್ನ ಮುದ್ರಣಕ್ಕೆ ಒಡೆಯನಾಗುತ್ತಾನೆ. ಹಾಡು ಕೊಟ್ಟವರು 'ಜಾನಪದ' ಎಂಬ ಒಂದೇ ಪದದೊಳಗೆ ಹೂತುಹೋಗುತ್ತಾರೆ. ಹೆಸರಿಲ್ಲದವರ ಮೇಲೆ ಎಳೆದ ಕಂಬಳಿ ಆ ಪದ.

5

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ, ಸಂಘಟನೆಯ ಕಾರ್ಯಕರ್ತರಿಗೆ ನಾವು ಹೇಳುವುದು ಇಷ್ಟು. ನಿಮ್ಮ ಮೆಚ್ಚಿನ ತಂಡವನ್ನು ಬಿಡಬೇಡಿ, ಗಿಟಾರಿಗೆ ಹೆದರಬೇಡಿ. ಅಶ್ವಥ್ ಹಾಡನ್ನೂ ಕೇಳಿ, ರಘು ದೀಕ್ಷಿತ್ ಹಾಡನ್ನೂ ಕೇಳಿ. ಕೇಳಿದ ಮೇಲೆ ಆ ಪದದ ಅರ್ಥವನ್ನು ಪಕ್ಕದವನ ಹತ್ತಿರ ಕೇಳಿ, ಅದು ಭಜನೆಯವರು ಬಿಟ್ಟುಹೋದ ಪಾಠ. ಶಾಲೆಯಲ್ಲಿ ಮಕ್ಕಳಿಗೆ ತತ್ವಪದ ಕಲಿಸುವಾಗ ಕ್ಯಾಸೆಟ್ಟಿನ ಧಾಟಿ ಒಂದನ್ನೇ ಕಲಿಸಿ ಮುಗಿಸಬೇಡಿ. ಊರಲ್ಲಿ ಹಾಡುವ ಮುದುಕಿಯನ್ನು, ತಮಟೆಯ ಅಪ್ಪನನ್ನು ಕರೆದು ಕುರ್ಚಿ ಹಾಕಿ ಕೂರಿಸಿ. ಅವರು ಹಾಡಿದ್ದನ್ನು ಬರೆದುಕೊಳ್ಳಿ, ಕೆಳಗೆ ಅವರ ಹೆಸರು, ಊರು, ತಾರೀಖು ಹಾಕಿ. 'ಜಾನಪದ' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ.

ಇನ್ನು ದುಡ್ಡಿನ ಮಾತು. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಊರಿನಲ್ಲಿ ಆರ್ಕೆಸ್ಟ್ರಾ ತರಿಸುತ್ತೀರಿ. ಕೀಬೋರ್ಡಿನವನಿಗೆ ಮುಂಗಡ ಹೋಗುತ್ತದೆ, ಊಟ ಹೋಗುತ್ತದೆ, ಕಾರು ಹೋಗುತ್ತದೆ. ಮೆರವಣಿಗೆಯಲ್ಲಿ ಮೂರು ಮೈಲಿ ಬಿಸಿಲಲ್ಲಿ ಬಡಿದ ತಮಟೆಯವರಿಗೆ ಕೊನೆಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತೀರಿ, 'ನಮ್ಮೂರೋರೇ ತಾನೇ' ಅಂತ ಅದರಲ್ಲೂ ಹಿಡಿಯುತ್ತೀರಿ. ಮುಂದಿನ ಸಲ ಲೆಕ್ಕದ ಪುಸ್ತಕ ಬರೆಯುವಾಗ ಎರಡೂ ಸಾಲನ್ನು ಒಂದೇ ಪುಟದಲ್ಲಿ ಬರೆಯಿರಿ, ಸಭೆಯಲ್ಲಿ ಗಟ್ಟಿಯಾಗಿ ಓದಿ. ಯಾವ ಸದ್ದು ಮಾರಾಟವಾಗಿದೆ, ಯಾವ ಸದ್ದನ್ನು ಇನ್ನೂ ಬಿಟ್ಟಿ ಬಡಿಸಿಕೊಳ್ಳುತ್ತಿದ್ದೇವೆ ಎಂಬುದು ಆ ಪುಟದಲ್ಲಿ ಇರುತ್ತದೆ.